ಫ್ರಾನ್ಸಿನ ಲಾಂಛನದ ಬಿಲ್ಲೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೇ ನಾಣ್ಯ ಕೂಡಿಡುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಫ್ರೆಂಚ್ ಜೆಟನ್ ಕೂಡಿಡುವವರು ಕಡಿಮೆ. ಹಾಗಾಗಿ ನನ್ನ ಸಂಗ್ರಹ ನೋಡಿದವರೆಲ್ಲ ಸುಮಾರಾಗಿ ಇವೇ ಪ್ರಶ್ನೆ ಕೇಳುತ್ತಾರೆ. ಒಂದೇ ಕಡೆ ಉತ್ತರ ಬರೆದಿಟ್ಟರೆ ಹೊಸಬರಿಗೆ ಅನುಕೂಲ. ಎಲ್ಲಕ್ಕಿಂತ ಮೊದಲು ಒಂದು ಮಾತು: ಈ ಹವ್ಯಾಸದಲ್ಲಿ ದುಡ್ಡಿಗಿಂತ ಓದು ಮುಖ್ಯ. ಬಿಲ್ಲೆಯ ಮೇಲಿನ ಗುರಾಣಿಯನ್ನು, ಅಂದರೆ ಗುರಾಣಿಯ ಆಕಾರದಲ್ಲಿ ಕೆತ್ತಿದ ಲಾಂಛನವನ್ನು, ಓದಲು ಬಂದರೆ ಸವೆದ ತಾಮ್ರದ ತುಂಡೂ ಮಾತಾಡುತ್ತದೆ. ಬರದಿದ್ದರೆ ಹೊಳೆಯುವ ಬೆಳ್ಳಿಯೂ ಸುಮ್ನೆ ಬೆಳ್ಳಿ.

ಜೆಟನ್ ಅಂದ್ರೆ ಏನು? ಇದು ನಾಣ್ಯವಾ?

ನಾಣ್ಯ ಅಲ್ಲ. ಅಂಗಡಿಯಲ್ಲಿ ಕೊಟ್ಟರೆ ಇದಕ್ಕೆ ಏನೂ ಸಿಗುತ್ತಿರಲಿಲ್ಲ. ಫ್ರೆಂಚಿನಲ್ಲಿ ‘ಜತೆ’ ಅಂದರೆ ಎಸೆ, ಹಾಕು. ಲೆಕ್ಕದ ಹಲಗೆಯ ಮೇಲೆ ‘ಹಾಕುವ’ ಬಿಲ್ಲೆ ಆದ್ದರಿಂದ ‘ಜತೋಂ’. ಕೊನೆಯ ಸದ್ದನ್ನು ಅವರು ಮೂಗಿನಲ್ಲಿ ಹೇಳುತ್ತಾರೆ. ನಾವು ಜೆಟನ್ ಅಂದರೆ ಸಾಕು.

ಮಧ್ಯಯುಗದ ಯುರೋಪಿನಲ್ಲಿ ಲೆಕ್ಕ ಬರೆಯುತ್ತಿದ್ದದ್ದು ರೋಮನ್ ಅಂಕಿಗಳಲ್ಲಿ. ಅದರಲ್ಲಿ ಕೂಡಿಸುವುದು, ಕಳೆಯುವುದು ದೊಡ್ಡ ತಲೆನೋವು. ಅದಕ್ಕೆ ಮೇಜಿನ ಮೇಲೆ ಗೆರೆ ಎಳೆದು, ಗೆರೆಗೊಂದು ಬೆಲೆ ಕೊಟ್ಟು, ಬಿಲ್ಲೆ ಇಟ್ಟು ಲೆಕ್ಕ ಮಾಡುತ್ತಿದ್ದರು. ಫ್ರಾನ್ಸಿನ ಹಣದಲ್ಲಿ 12 ದೆನ್ಯೆಗೆ 1 ಸೂ, 20 ಸೂಗೆ 1 ಲೀವ್ರ್. 7 ಸೂಗೆ 15 ಸೂ ಕೂಡಿಸಬೇಕು ಅಂದುಕೊಳ್ಳಿ. ಸೂ ಸಾಲಿನಲ್ಲಿ 7 ಬಿಲ್ಲೆ, ಅದರ ಪಕ್ಕ 15 ಬಿಲ್ಲೆ. ಒಟ್ಟು 22. ಅದರಲ್ಲಿ 20 ಎತ್ತಿ, ಲೀವ್ರ್ ಸಾಲಿಗೆ 1 ಹಾಕಿ. ಸೂ ಸಾಲಿನಲ್ಲಿ ಉಳಿದದ್ದು 2. ಮುಗಿಯಿತು. ಓದು ಬರಹ ಬಾರದವನೂ ಇಷ್ಟು ಮಾಡಬಲ್ಲ.

13ನೇ ಶತಮಾನದಿಂದಲೇ ಫ್ರಾನ್ಸಿನಲ್ಲಿ ಲೋಹದ ಜೆಟನ್ ಸಿಗುತ್ತವೆ. ರಾಜರ ಲೆಕ್ಕದ ಕಚೇರಿಗಳು, ದೊಡ್ಡ ಮನೆತನಗಳು ತಮ್ಮದೇ ಬಿಲ್ಲೆ ಮಾಡಿಸಿಕೊಳ್ಳುತ್ತಿದ್ದವು. ಯಾರ ಲೆಕ್ಕದ ಮೇಜಿನದು ಅಂತ ಗೊತ್ತಾಗಲು ಮೇಲೆ ಲಾಂಛನ. ನಮ್ಮ ವಿಷಯ ಶುರುವಾಗುವುದೇ ಅಲ್ಲಿಂದ.

ಲೆಕ್ಕದ ಬಿಲ್ಲೆ ನೆನಪಿನ ಕಾಣಿಕೆ ಆಗಿದ್ದು ಹೇಗೆ?

ನಿಧಾನವಾಗಿ ಆಯಿತು. 16 ಮತ್ತು 17ನೇ ಶತಮಾನದಲ್ಲಿ ಕಾಗದದ ಮೇಲೆ ನಮ್ಮ ಈಗಿನ ಅಂಕಿಗಳಲ್ಲಿ ಲೆಕ್ಕ ಮಾಡುವುದು ಜಾಸ್ತಿ ಆಯಿತು. ಹಲಗೆಯ ಕೆಲಸ ಕಡಿಮೆಯಾಯಿತು. ಆದರೆ ಬಿಲ್ಲೆ ಕೊಡುವ ರೂಢಿ ನಿಲ್ಲಲಿಲ್ಲ. ಹೊಸ ವರ್ಷಕ್ಕೆ ಅಧಿಕಾರಿಗಳಿಗೆ ಒಂದು ಚೀಲದ ತುಂಬ ಬೆಳ್ಳಿ ಜೆಟನ್ ಕೊಡುವುದು ಮರ್ಯಾದೆಯ ಉಡುಗೊರೆ. ನಾಲ್ಕನೇ ಹೆನ್ರಿಯ ಮಂತ್ರಿ ಸುಲ್ಲಿ ಹೊಸ ವರ್ಷಕ್ಕೆ ರಾಜನಿಗೆ ಜೆಟನ್ ಚೀಲ ಒಪ್ಪಿಸುತ್ತಿದ್ದದ್ದನ್ನು ತನ್ನ ನೆನಪುಗಳಲ್ಲಿ ಬರೆಸಿಟ್ಟಿದ್ದಾನೆ.

14ನೇ ಲೂಯಿಯ ಕಾಲಕ್ಕೆ ಇದೊಂದು ದೊಡ್ಡ ವ್ಯವಸ್ಥೆಯೇ ಆಯಿತು. ಖಜಾನೆ, ಯುದ್ಧ ಖಾತೆ, ನೌಕಾಪಡೆ, ಫಿರಂಗಿ ಪಡೆ, ಅರಮನೆಯ ಕಟ್ಟಡಗಳ ಇಲಾಖೆ, ರಾಣಿಯ ಮನೆವಾರ್ತೆ, ಹೀಗೆ ಒಂದೊಂದಕ್ಕೂ ವರ್ಷ ವರ್ಷ ಹೊಸ ಜೆಟನ್. ಮೇಲಿನ ಚಿತ್ರ, ಲ್ಯಾಟಿನ್ ಸಾಲು ಯೋಚಿಸಿ ಕೊಡುವುದಕ್ಕೆ ಪಂಡಿತರ ಒಂದು ಮಂಡಲಿ ಇತ್ತು. ಆ ರಾಜನ ಮಂತ್ರಿ ಕೋಲ್ಬೆರ್ 1663ರಲ್ಲಿ ಕಟ್ಟಿದ ‘ಪುಟ್ಟ ಅಕಾಡೆಮಿ’ ಅದು.

1673ರಲ್ಲಿ ಇದೇ ಕೋಲ್ಬೆರ್ ಫ್ರೆಂಚ್ ಅಕಾಡೆಮಿಯಲ್ಲಿ ಇನ್ನೊಂದು ಪದ್ಧತಿ ತಂದ. ಸಭೆಗೆ ಬಂದ ಸದಸ್ಯನಿಗೆ ಬೆಳ್ಳಿ ಜೆಟನ್. ಬರದವರ ಪಾಲನ್ನು ಬಂದವರೇ ಹಂಚಿಕೊಳ್ಳಬಹುದು. ಸಭೆಗೆ ಜನ ಸೇರಿಸಲು ಒಳ್ಳೇ ಉಪಾಯ. ಫ್ರಾನ್ಸಿನ ಕಂಪನಿಗಳಲ್ಲಿ ನಿರ್ದೇಶಕರಿಗೆ ಕೊಡುವ ಸಭಾ ಭತ್ಯೆಯನ್ನು ಮೊನ್ನೆಮೊನ್ನೆಯವರೆಗೂ ‘ಹಾಜರಿಯ ಜೆಟನ್’ ಅಂತಲೇ ಕರೆಯುತ್ತಿದ್ದರು. ನನಗೆ ಖುಷಿ ಕೊಡುವ ಸಂಗತಿ ಏನೆಂದರೆ, ಅದೇ 1673ರಲ್ಲಿ ಪ್ಯಾರಿಸ್ಸಿನ ರಂಗದ ಮೇಲೆ ಬಂದ ಒಂದು ಪ್ರಸಿದ್ಧ ನಾಟಕ ಶುರುವಾಗುವುದೇ ಒಬ್ಬ ರೋಗಿ ಔಷಧದ ಬಿಲ್ಲುಗಳನ್ನು ಜೆಟನ್ ಇಟ್ಟು ಕೂಡಿಸುವುದರಿಂದ. ಒಂದೇ ವರ್ಷ, ಒಂದೇ ಊರು. ಒಂದು ಕಡೆ ಅದು ಇನ್ನೂ ಲೆಕ್ಕದ ಸಾಮಾನು, ಇನ್ನೊಂದು ಕಡೆ ಗೌರವಧನ.

ಲಾಂಛನ ಇದೆ ಅಂದ ಮೇಲೆ ಅದು ಕುಲೀನ ಮನೆತನದ್ದೇ ಅಲ್ವಾ?

ಅಲ್ಲ. ಇಲ್ಲಿ ತುಂಬಾ ಜನ ಎಡವುತ್ತಾರೆ. ಫ್ರಾನ್ಸಿನಲ್ಲಿ ಲಾಂಛನ ಇಟ್ಟುಕೊಳ್ಳಲು ಕುಲೀನನೇ ಆಗಿರಬೇಕು ಅಂತ ಇರಲಿಲ್ಲ. ವರ್ತಕ, ವೈದ್ಯ, ವಕೀಲ, ಕುಶಲಕರ್ಮಿಗಳ ಸಂಘ, ಮಠ, ಊರು, ಎಲ್ಲರೂ ಇಟ್ಟುಕೊಂಡಿದ್ದರು.

1696ರ ನವೆಂಬರಿನಲ್ಲಿ ಯುದ್ಧದ ಖರ್ಚಿಗೆ ದುಡ್ಡು ಬೇಕಾಗಿ 14ನೇ ಲೂಯಿ ಒಂದು ಆಜ್ಞೆ ಹೊರಡಿಸಿದ. ಲಾಂಛನ ಇರುವವರೆಲ್ಲ ನೋಂದಾಯಿಸಿ, ಶುಲ್ಕ ಕಟ್ಟಬೇಕು. ಒಬ್ಬ ವ್ಯಕ್ತಿಗೆ 20 ಲೀವ್ರ್. ನೋಂದಣಿಯ ಹೊಣೆ ಶಾರ್ಲ್ ರೆನೆ ದೊಜಿಯೆ ಎಂಬಾತನದು. ಒಂದು ಲಕ್ಷಕ್ಕೂ ಜಾಸ್ತಿ ಲಾಂಛನ ದಾಖಲಾದವು. ಅನುಕೂಲ ಇದ್ದೂ ಬಾರದೆ ಉಳಿದವರಿಗೆ ಅಧಿಕಾರಿಗಳೇ ಒಂದನ್ನು ಕಟ್ಟಿ ಹಚ್ಚಿ ಶುಲ್ಕ ವಸೂಲಿ ಮಾಡಿದರು. ಈ ಕೈಬರಹದ ದಪ್ಪ ಪುಸ್ತಕಗಳೆಲ್ಲ ಈಗ ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ. ಅವರ ‘ಗ್ಯಾಲಿಕಾ’ ತಾಣದಲ್ಲಿ ಮನೆಯಲ್ಲೇ ಕೂತು ಬಿಟ್ಟಿಯಾಗಿ ನೋಡಬಹುದು.

ಇನ್ನೊಂದು ಸಂಗತಿ. ಪ್ಯಾರಿಸ್, ನಾಂತ್‌ನಂಥ ಕೆಲವು ಊರುಗಳಲ್ಲಿ ನಗರಸಭೆಯ ಹುದ್ದೆಯೇ ಕುಲೀನ ಪಟ್ಟ ತಂದುಕೊಡುತ್ತಿತ್ತು. ಇಂಥವರನ್ನು ‘ಗಂಟೆಯ ಕುಲೀನರು’ ಅನ್ನುತ್ತಿದ್ದರು. ನಗರಸಭೆಯನ್ನು ಕರೆಯುವ ಗಂಟೆ ಅದು. ಹಾಗಾಗಿ ಜೆಟನ್ ಮಾಡಿಸಿದವನು ಕತ್ತಿ ಹಿಡಿದ ಹಳೇ ಮನೆತನದವನೋ, ನಿನ್ನೆ ಮೊನ್ನೆ ಮೇಲೆ ಬಂದ ಬಟ್ಟೆ ವ್ಯಾಪಾರಿಯ ಮಗನೋ ಎಂದು ಪ್ರತಿ ಸಲ ವಿಚಾರಿಸಬೇಕು. ನನಗಂತೂ ಎರಡನೆಯವರ ಬಿಲ್ಲೆಗಳೇ ಹೆಚ್ಚು ಇಷ್ಟ. ಹೊಸದಾಗಿ ಸಿಕ್ಕ ಗುರಾಣಿಯನ್ನು ಅವರು ಎಷ್ಟು ಮುತುವರ್ಜಿಯಿಂದ ಕೆತ್ತಿಸಿದ್ದಾರೆ ನೋಡಬೇಕು.

ಬಣ್ಣವೇ ಇಲ್ಲದ ಲೋಹದ ಮೇಲೆ ಲಾಂಛನದ ಬಣ್ಣ ತಿಳಿಯುವುದು ಹೇಗೆ?

ಗೆರೆಗಳಿಂದ. ಇದು ಗೊತ್ತಾದ ದಿನ ನನಗೆ ಕಣ್ಣು ತೆರೆದಂತಾಯಿತು.

1638ರಲ್ಲಿ ಸಿಲ್ವೆಸ್ಟರ್ ಪೆಟ್ರಾ ಸಾಂಕ್ಟಾ ಎಂಬ ಇಟಲಿಯ ಜೆಸ್ಯೂಟ್ ಪಾದ್ರಿಯ ಪುಸ್ತಕದಿಂದ ಈ ಪದ್ಧತಿ ಹರಡಿತು. ಬಣ್ಣಕ್ಕೊಂದು ಗೆರೆ. ಚುಕ್ಕೆ ಚುಕ್ಕೆ ಇದ್ದರೆ ಚಿನ್ನ. ಏನೂ ಇಲ್ಲದೆ ನುಣುಪಾಗಿದ್ದರೆ ಬೆಳ್ಳಿ. ಮೇಲಿಂದ ಕೆಳಕ್ಕೆ ನೇರ ಗೆರೆ ಕೆಂಪು. ಅಡ್ಡ ಗೆರೆ ನೀಲಿ. ಅಡ್ಡ ಉದ್ದ ಎರಡೂ ಹೆಣೆದುಕೊಂಡಿದ್ದರೆ ಕಪ್ಪು. ನೋಡುವವರ ಎಡ ಮೇಲ್ಮೂಲೆಯಿಂದ ಬಲ ಕೆಳಮೂಲೆಗೆ ಓರೆ ಗೆರೆ ಇದ್ದರೆ ಹಸಿರು. ಅದರ ಉಲ್ಟಾ ಆದರೆ ನೇರಳೆ.

ಈಗ ಒಂದು ಬಿಲ್ಲೆಯನ್ನು ಕೈಗೆ ತೆಗೆದುಕೊಳ್ಳೋಣ. ಮಿಶೆಲ್ ಎತಿಯೆನ್ ತುರ್ಗೊ 1729ರಿಂದ 1740ರವರೆಗೆ ಪ್ಯಾರಿಸ್ಸಿನ ‘ವರ್ತಕರ ಪ್ರೆವೋ’ ಆಗಿದ್ದ. ಹೆಸರು ವರ್ತಕರದ್ದಾದರೂ ಕೆಲಸ ಈಗಿನ ಮೇಯರನದು. ಪ್ಯಾರಿಸ್ಸಿನ ಒಂದೊಂದು ಮನೆಯನ್ನೂ ಬಿಡಿಸಿ ತೋರಿಸುವ ಪ್ರಸಿದ್ಧ ನಕ್ಷೆ ಮಾಡಿಸಿದವನು ಇವನೇ. 16ನೇ ಲೂಯಿಯ ಹಣಕಾಸು ಮಂತ್ರಿ ತುರ್ಗೊ ಇವನ ಮಗ. ಅವನ ಬೆಳ್ಳಿ ಜೆಟನ್ನನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಗುರಾಣಿಯ ತುಂಬ ಜಾಲರಿ ಕಾಣುತ್ತದೆ, ಹಳ್ಳಿಮನೆಯ ಕಿಟಕಿಗೆ ಓರೆಯಾಗಿ ಹೆಣೆದ ಪಟ್ಟಿಯ ಹಾಗೆ. ಭೂತಗನ್ನಡಿ ಇಟ್ಟರೆ ಆ ಪಟ್ಟಿಗಳ ಒಳಗೆ ಕೂದಲೆಳೆಯಂಥ ನೇರ ಗೆರೆಗಳು. ಅಂದರೆ ಜಾಲರಿ ಕೆಂಪು. ಪಟ್ಟಿಗಳ ನಡುವಿನ ಸಂದುಗಳಲ್ಲಿ ಪುಟ್ಟ ಪುಟ್ಟ ಬಾಲದಂಥ ಗುರುತು. ಅದು ಅರ್ಮಿನ್, ಬಿಳಿ ತುಪ್ಪಳದಲ್ಲಿ ಕಪ್ಪು ಬಾಲದ ತುದಿ. ಬೆಳ್ಳಿಯ ಬಿಲ್ಲೆ ಹೀಗೆ ನಿಮ್ಮ ಕಣ್ಣೆದುರಿಗೇ ಬಿಳಿ, ಕಪ್ಪು, ಕೆಂಪು ಆಗುತ್ತದೆ. ಇದೆಲ್ಲ ಒಂದು ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ!

ಎಚ್ಚರಿಕೆ ಎರಡು. 1638ಕ್ಕಿಂತ ಹಳೆಯ ಬಿಲ್ಲೆಗಳಲ್ಲಿ ಈ ಗೆರೆಗಳನ್ನು ಹುಡುಕಬೇಡಿ. ಅಲ್ಲಿ ಗೆರೆ ಇದ್ದರೂ ಅದನ್ನು ಈ ಲೆಕ್ಕದಲ್ಲಿ ಓದುವಂತಿಲ್ಲ. ಆಮೇಲಿನ ಕಾಲದಲ್ಲೂ ಕೆತ್ತುವವನು ಅವಸರಕ್ಕೆ ತಪ್ಪು ಮಾಡಿದ್ದುಂಟು. ಗೆರೆಯೊಂದನ್ನೇ ನಂಬಿ ತೀರ್ಮಾನಕ್ಕೆ ಬರಬೇಡಿ.

ಗುರಾಣಿಯ ಸುತ್ತ ಕಿರೀಟ, ಹಾರ, ಲಂಗರು ಎಲ್ಲ ಇರುತ್ತವಲ್ಲ, ಅವು ಏನು ಹೇಳುತ್ತವೆ?

ಗುರಾಣಿ ಮನೆತನವನ್ನು ಹೇಳುತ್ತದೆ. ಸುತ್ತಲಿನದು ಆ ಮನೆಯ ಯಾವ ವ್ಯಕ್ತಿ, ಯಾವ ಹುದ್ದೆಯಲ್ಲಿದ್ದ ಎಂದು ಹೇಳುತ್ತದೆ. ಒಂದೇ ಮನೆತನದ ಐದು ತಲೆಮಾರಿನಲ್ಲಿ ಯಾರದು ಈ ಬಿಲ್ಲೆ ಎಂದು ಹಿಡಿಯುವುದು ಇದರಿಂದಲೇ.

ಕಿರೀಟ ಹೇಳುವುದು ಕುಲೀನರ ಪದವಿಯನ್ನು. ಡ್ಯೂಕನ ಕಿರೀಟದಲ್ಲಿ ಎಲ್ಲವೂ ಎಲೆಯಾಕಾರ. ಮಾರ್ಕಿಯ ಕಿರೀಟದಲ್ಲಿ ಎಲೆ, ಮುತ್ತು ಒಂದಾದ ಮೇಲೆ ಒಂದು. ಕೌಂಟನದರಲ್ಲಿ ಸಾಲು ಮುತ್ತು, ನಮಗೆ ಕಾಣುವುದು 9. ಬ್ಯಾರನ್‌ಗೆ ಪಟ್ಟಿಯ ಸುತ್ತ ಸುತ್ತಿದ ಮುತ್ತಿನ ಎಳೆ. ಆದರೆ 18ನೇ ಶತಮಾನಕ್ಕೆ ಬಂದರೆ ಪದವಿ ಇಲ್ಲದವರೂ ಕೌಂಟನ ಕಿರೀಟ, ಮಾರ್ಕಿಯ ಕಿರೀಟ ಹಾಕಿಕೊಂಡರು. ತಡೆಯುವವರು ಯಾರೂ ಇರಲಿಲ್ಲ. ಹಾಗಾಗಿ ನಾನು ಕಿರೀಟಕ್ಕೆ ಅಷ್ಟು ಬೆಲೆ ಕೊಡುವುದಿಲ್ಲ.

ಹುದ್ದೆಯ ಗುರುತುಗಳು ಹಾಗಲ್ಲ, ಅವನ್ನು ನಂಬಬಹುದು. ಗುರಾಣಿಯ ಹಿಂದೆ ಕತ್ತರಿಯಾಕಾರದಲ್ಲಿ ಎರಡು ದಂಡ, ಮೇಲೆಲ್ಲ ಲಿಲ್ಲಿ ಹೂ ಇದ್ದರೆ ಫ್ರಾನ್ಸಿನ ಮಾರ್ಷಲ್. ಲಂಗರು ಇದ್ದರೆ ಅಡ್ಮಿರಲ್. ಕೆಳಗೆ ಎರಡು ಫಿರಂಗಿ ಇದ್ದರೆ ಫಿರಂಗಿ ಪಡೆಯ ಮುಖ್ಯಸ್ಥ. ಅಂಚಿನಿಂದ ಕುಚ್ಚುಗಳು ಇಳಿಬಿದ್ದ ಅಗಲ ಟೋಪಿ ಇದ್ದರೆ ಚರ್ಚಿನ ದೊಡ್ಡ ಹುದ್ದೆಯವರು, ಹೆಚ್ಚಾಗಿ ಬಿಷಪ್ ಅಥವಾ ಅವರಿಗಿಂತ ಮೇಲಿನವರು. ಸುತ್ತ ಹಾರ ಇದ್ದು, ಅದರ ಕೆಳಗೆ ಪಾರಿವಾಳದ ಶಿಲುಬೆ ತೂಗುತ್ತಿದ್ದರೆ ಅದು ‘ಪವಿತ್ರಾತ್ಮ’ ಪದವಿ. ಮೂರನೇ ಹೆನ್ರಿ 1578ರಲ್ಲಿ ಶುರು ಮಾಡಿದ್ದು. ಅಂದಮೇಲೆ ಆ ಹಾರ ಇರುವ ಬಿಲ್ಲೆ 1578ಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಒಬ್ಬನಿಗೆ ಆ ಪದವಿ ಯಾವ ವರ್ಷ ಸಿಕ್ಕಿತು ಎಂಬುದಕ್ಕೆ ದಾಖಲೆ ಇರುತ್ತದೆ. ತಾರೀಖಿಲ್ಲದ ಬಿಲ್ಲೆಗೆ ಕಾಲ ಕಟ್ಟಲು ಇದರಷ್ಟು ಅನುಕೂಲದ ದಾರಿ ಇನ್ನೊಂದಿಲ್ಲ.

ಎರಡು ಗುರಾಣಿ ಪಕ್ಕಪಕ್ಕ ಇದ್ದರೆ?

ಗಂಡ ಹೆಂಡತಿ. ನಮಗೆ ಎಡಗಡೆ ಕಾಣುವುದು ಗಂಡನ ಮನೆತನ, ಬಲಗಡೆಯದು ಹೆಂಡತಿಯ ತವರು. ಸುತ್ತ ಗಂಟು ಹಾಕಿದ ಹಗ್ಗ ಇದ್ದರೆ ಸಾಮಾನ್ಯವಾಗಿ ವಿಧವೆ. ಗುರಾಣಿಯ ಬದಲು ವಜ್ರಾಕಾರ ಇದ್ದರೆ ಮದುವೆಯಾಗದ ಹೆಣ್ಣುಮಗಳು. ಹೆಂಗಸರ ಜೆಟನ್‌ಗಳನ್ನೇ ಹುಡುಕಿ ಕೂಡಿಡುವವರಿದ್ದಾರೆ. ಎರಡು ಮನೆತನ ಸಿಗುವುದರಿಂದ ಗುರುತು ಹಿಡಿಯುವುದೂ ಸುಲಭ. ಆ ಎರಡು ಮನೆಗಳ ನಡುವೆ ಯಾವಾಗ ಮದುವೆ ಆಯಿತು ಅಂತ ನೋಡಿದರೆ ಸಾಕು.

ಹೆಸರೇ ಇಲ್ಲದ ಬಿಲ್ಲೆ ಯಾರದು ಅಂತ ಹೇಗೆ ಪತ್ತೆ ಮಾಡುವುದು?

ಮೊದಲು ಕಂಡದ್ದನ್ನು ಕನ್ನಡದಲ್ಲೇ ಬರೆದುಕೊಳ್ಳಿ. ನೆಲದ ಬಣ್ಣ, ಅದರ ಮೇಲಿನ ಚಿತ್ರ, ಎಷ್ಟು, ಹೇಗೆ ಜೋಡಿಸಿದೆ. ‘ನೀಲಿ ನೆಲ, ಮೂರು ಬೆಳ್ಳಿ ಹಲ್ಲಿ ಪಕ್ಕಪಕ್ಕ ನಿಂತಿವೆ, ಮೇಲೆ ಕೆಂಪು ಪಟ್ಟಿಯಲ್ಲಿ ಮೂರು ಚಿನ್ನದ ನಕ್ಷತ್ರ.’ ಇಷ್ಟು ಬರೆದರೆ ಅರ್ಧ ಕೆಲಸ ಆಯಿತು. ಇದು ಲ ತೆಲ್ಯೆ ಮನೆತನ, 14ನೇ ಲೂಯಿಯ ಯುದ್ಧಮಂತ್ರಿ ಲೂವ್ವಾನ ಮನೆ.

ಚಿತ್ರದಿಂದ ಹೆಸರಿಗೆ ಹೋಗುವ ಕೋಶಗಳಿವೆ. ರೆನೆಸ್ ಎಂಬ ಬೆಲ್ಜಿಯಮ್ಮಿನವರು ಮಾಡಿದ್ದು ಬಹಳ ಉಪಯೋಗಕ್ಕೆ ಬರುತ್ತದೆ. ‘ಹಲ್ಲಿ’ ಅಂತ ತೆಗೆದರೆ ಹಲ್ಲಿ ಇರುವ ಮನೆತನಗಳೆಲ್ಲ ಒಟ್ಟಿಗೆ ಸಿಗುತ್ತವೆ. ಜೆಟನ್‌ಗೇ ಮೀಸಲಾದ ಪಟ್ಟಿ ಬೇಕೆಂದರೆ 20ನೇ ಶತಮಾನದ ಶುರುವಿನಲ್ಲಿ ಬಂದ ಫುಆರ್ದಾಂ ಅವರದು. ಹರಾಜಿನವರು ಬಿಲ್ಲೆಯ ಜೊತೆ ಬರೆಯುವ ‘ಎಫ್’ ಸಂಖ್ಯೆ ಅದರದೇ.

ಹೆಸರಿನ ಮೇಲೆ ಆಟ ಆಡಿದ ಲಾಂಛನಗಳು ಬೇಕಾದಷ್ಟಿವೆ, ಅದನ್ನೂ ನೆನಪಿಡಿ. ಕೋಲ್ಬೆರ್ ಲಾಂಛನದಲ್ಲಿ ಚಿನ್ನದ ನೆಲದ ಮೇಲೆ ನೆಟ್ಟಗೆ ನಿಂತು ಬಳುಕುವ ನೀಲಿ ಹಾವು. ಲ್ಯಾಟಿನ್ನಿನಲ್ಲಿ ಹಾವಿಗೆ ‘ಕೊಲುಬರ್’. ಅವನ ಎದುರಾಳಿ, ಆಗಿನ ಹಣಕಾಸು ಮಂತ್ರಿ ನಿಕೊಲಾ ಫೂಕೆಯ ಗುರಾಣಿಯಲ್ಲಿ ಬೆಳ್ಳಿಯ ಮೇಲೆ ಕೆಂಪು ಅಳಿಲು. ಪಶ್ಚಿಮ ಫ್ರಾನ್ಸಿನ ಆಡುಮಾತಿನಲ್ಲಿ ಅಳಿಲಿಗೆ ‘ಫೂಕೆ’ ಅಂತಲೇ ಹೆಸರು. ‘ಎಲ್ಲಿಯವರೆಗೆ ತಾನೇ ಏರಲಾರ?’ ಎಂಬುದು ಅವನ ಧ್ಯೇಯವಾಕ್ಯ. ಅವನನ್ನು ಬೀಳಿಸಲು ಹೊಂಚುಹಾಕಿದವನು ಕೋಲ್ಬೆರ್. 1661ರ ಸೆಪ್ಟೆಂಬರಿನಲ್ಲಿ ಫೂಕೆಯನ್ನು ನಾಂತ್‌ನಲ್ಲಿ ಹಿಡಿದರು. ಆಮೇಲೆ ಸಾಯುವವರೆಗೂ ಸೆರೆ. ಈ ಕಥೆ ಗೊತ್ತಿದ್ದು ಹಾವಿನ ಗುರಾಣಿ ನೋಡಿದರೆ ಮೈ ಜುಮ್ಮೆನ್ನುತ್ತದೆ.

ನನಗೆ ಲ್ಯಾಟಿನ್, ಫ್ರೆಂಚ್ ಬರೋದಿಲ್ಲ. ತೊಂದರೆನಾ?

ಇಲ್ಲ. ಬರುವ ಪದಗಳು ಮತ್ತೆ ಮತ್ತೆ ಅವೇ. ಇಪ್ಪತ್ತು ಮೂವತ್ತು ಕಲಿತರೆ ನಡೆಯುತ್ತದೆ. ಲ್ಯಾಟಿನ್ನಿನ ‘ಯು’ ಅಕ್ಷರವನ್ನು ‘ವಿ’ ಹಾಗೆ ಕೆತ್ತಿರುತ್ತಾರೆ, ಅದೊಂದು ನೆನಪಿರಲಿ.

ಎಲ್ಲಿಂದ ಶುರು ಮಾಡಲಿ?

ಕಂಡಕಂಡದ್ದೆಲ್ಲ ಕೊಳ್ಳಬೇಡಿ. ಒಂದು ಸಾಲು ಹಿಡಿಯಿರಿ. ಹೊಸಬರಿಗೆ ನಾನು ಹೇಳುವುದು ಪ್ಯಾರಿಸ್ಸಿನ ಪ್ರೆವೋಗಳ ಸಾಲು. ಒಂದು ಬದಿಯಲ್ಲಿ ಪ್ರೆವೋನ ಮನೆತನದ ಗುರಾಣಿ, ಇನ್ನೊಂದು ಬದಿಯಲ್ಲಿ ಪ್ಯಾರಿಸ್ ನಗರದ ಲಾಂಛನವಾದ ಹಡಗು. ಹೆಸರನ್ನು ಸುತ್ತಲೂ ಬರೆದಿರುವುದರಿಂದ ಗುರುತಿನ ಗೊಂದಲ ಇಲ್ಲ. ಅವಧಿ ಎರಡು ವರ್ಷದ್ದು, ಮತ್ತೆ ಮತ್ತೆ ಆರಿಸಬಹುದಿತ್ತು. ‘ಇಂಥವರ 2ನೇ ಪ್ರೆವೋಗಿರಿ’, ‘3ನೇ ಪ್ರೆವೋಗಿರಿ’ ಅಂತ ಬಿಲ್ಲೆಯ ಮೇಲೇ ಇರುತ್ತದೆ. ಹಾಗಾಗಿ ಕಾಲವೂ ಗೊತ್ತಾಗುತ್ತದೆ.

ಆ ಹಡಗಿನ ಬಗ್ಗೆ ಒಂದು ಮಾತು. ‘ಅಲೆಗೆ ಸಿಕ್ಕಿ ತೂಗಾಡುತ್ತದೆ, ಮುಳುಗುವುದಿಲ್ಲ’ ಎಂಬ ಅರ್ಥದ ಲ್ಯಾಟಿನ್ ಸಾಲು ಈಗ ಪ್ಯಾರಿಸ್ಸಿನ ಧ್ಯೇಯವಾಕ್ಯ. ಅಧಿಕೃತ ಆಗಿದ್ದು 1853ರಲ್ಲಿ. ಆದರೆ 16ನೇ ಶತಮಾನದ ಕೊನೆಯ ಹೊತ್ತಿಗೇ ಅದು ನಗರದ ಜೆಟನ್‌ಗಳ ಮೇಲೆ ಕಾಣಿಸಿಕೊಂಡಿತ್ತು. ಒಂದು ಮಹಾನಗರದ ಮಾತನ್ನು ಇನ್ನೂರೈವತ್ತು ವರ್ಷ ಕಾಪಾಡಿಕೊಂಡು ಬಂದದ್ದು ಈ ಪುಟ್ಟ ಬಿಲ್ಲೆಗಳು.

ಪ್ಯಾರಿಸ್ ಬೇಡ ಅನ್ನುವವರಿಗೆ ನಾಂತ್, ಆಂಜೆ, ದಿಜೋಂ ಊರುಗಳ ಮೇಯರುಗಳ ಸಾಲು ಇದೆ. ಬ್ರಿಟನಿ, ಬರ್ಗಂಡಿ ಪ್ರಾಂತ್ಯಸಭೆಗಳದ್ದೂ ಚೆನ್ನಾಗಿವೆ. ಆದರೆ ಅವುಗಳಲ್ಲಿ ಪ್ರಾಂತ್ಯದ ಲಾಂಛನವೇ ಜಾಸ್ತಿ, ಮನೆತನದ್ದು ಕಡಿಮೆ.

ಅಸಲಿಯೋ, ಆಮೇಲೆ ಒತ್ತಿದ್ದೋ ಹೇಗೆ ಹೇಳುವುದು?

ಅಂಚು ನೋಡಿ. ಮುಖ ನೋಡುವ ಮುಂಚೆ ಅಂಚು ನೋಡಿ.

ಪ್ಯಾರಿಸ್ ಟಂಕಸಾಲೆಯವರು ಹಳೇ ಅಚ್ಚುಗಳನ್ನು ಇಟ್ಟುಕೊಂಡು 19ನೇ ಶತಮಾನದಲ್ಲೂ ಆಮೇಲೂ ಹೊಸದಾಗಿ ಒತ್ತಿ ಮಾರಿದರು. ಇದು ಮೋಸ ಅಲ್ಲ. ಅವರು ಅಂಚಿನ ಮೇಲೆ ಗುರುತು ಹಾಕಿಯೇ ಕೊಡುತ್ತಿದ್ದರು. 1832ರಿಂದ ಹಳೇ ಕಾಲದ ದೀಪ. 1841ರಿಂದ ಸ್ವಲ್ಪ ದಿನ ಲಂಗರು. 1842ರಿಂದ ಹಡಗಿನ ಮೂತಿ. 1845ರಿಂದ ಬೆರಳು ತೋರಿಸುವ ಕೈ. 1860ರಿಂದ ಜೇನುಹುಳ. 1880ರಿಂದ ಈಚೆಗೆ ಹಣ್ಣುಹೂ ತುಂಬಿದ ಕೊಂಬು. ಪಕ್ಕದಲ್ಲಿ ಲೋಹದ ಹೆಸರು.

ನನ್ನ ಮೊದಲ ದುಬಾರಿ ಖರೀದಿಯಲ್ಲಿ ನಾನು ಪಾಠ ಕಲಿತದ್ದು ಇದರಿಂದಲೇ. ಆನ್‌ಲೈನಿನಲ್ಲಿ ಒಬ್ಬ ಮಾರಾಟಗಾರ 1690ರ ದಶಕದ ಬೆಳ್ಳಿ ಜೆಟನ್ ಅಂತ ಹಾಕಿದ್ದ. ಎರಡು ಬದಿಯ ಫೋಟೋ ಇತ್ತು, ಅಂಚಿನದು ಇರಲಿಲ್ಲ. ನಾನೂ ಕೇಳಲಿಲ್ಲ. ಮನೆಗೆ ಬಂದ ಮೇಲೆ ಬೆರಳಲ್ಲಿ ತಿರುಗಿಸುತ್ತಿದ್ದಾಗ ಅಂಚಿನಲ್ಲಿ ಏನೋ ತಡೆಯಿತು. ಭೂತಗನ್ನಡಿಯಲ್ಲಿ ನೋಡಿದರೆ ಪುಟ್ಟ ಕೊಂಬು. ಆ ಹೊತ್ತು ಹೊಟ್ಟೆಯಲ್ಲಿ ಆದ ಸಂಕಟ ಇನ್ನೂ ನೆನಪಿದೆ. 1690ರ ಚಿತ್ರ ನಿಜ, ಬಿಲ್ಲೆ 1880ರಿಂದ ಈಚೆಗಿನದು. ಅಂದಿನಿಂದ ಅಂಚಿನ ಫೋಟೋ ಇಲ್ಲದೆ ಒಂದು ಬಿಲ್ಲೆಯನ್ನೂ ಕೊಂಡಿಲ್ಲ.

ಅಂಚಿನಲ್ಲಿ ಗುರುತಿಲ್ಲ ಅಂದಮಾತ್ರಕ್ಕೆ ಅಸಲಿ ಅಂತಲೂ ಅಲ್ಲ. 1832ಕ್ಕೆ ಮುಂಚೆ ಮತ್ತೆ ಒತ್ತಿದವೂ ಇವೆ. ಆಗ ಮೇಲ್ಮೈ ನೋಡಬೇಕು. ತುಕ್ಕು ಹಿಡಿದ ಹಳೇ ಅಚ್ಚಿನಿಂದ ಒತ್ತಿದ್ದರೆ ನುಣುಪಾದ ಜಾಗದಲ್ಲಿ ಗುಳ್ಳೆ ಗುಳ್ಳೆ ಎದ್ದಿರುತ್ತದೆ. ಅಚ್ಚು ಬಿರುಕು ಬಿಟ್ಟ ಗೆರೆ ಉಬ್ಬಿ ಕಾಣುತ್ತದೆ. ದಪ್ಪ ಎಲ್ಲ ಕಡೆ ಒಂದೇ ಸಮ ಇರುತ್ತದೆ. ಇದಕ್ಕೆ ಕಣ್ಣು ಪಳಗಬೇಕು, ಬೇರೆ ದಾರಿ ಇಲ್ಲ. ಮರು ಅಚ್ಚು ಅಂತ ಗೊತ್ತಿದ್ದು, ಅದರ ಬೆಲೆಗೆ ಕೊಂಡರೆ ಏನೂ ತಪ್ಪಿಲ್ಲ. ಲಾಂಛನ ಓದಲು ಕಲಿಯುವುದಕ್ಕೆ ಅವು ಒಳ್ಳೆಯವು.

ತೆಳ್ಳಗಿನ ಹಿತ್ತಾಳೆ ಬಿಲ್ಲೆಯಲ್ಲಿ ಫ್ರಾನ್ಸ್ ರಾಜನ ಮುಖ ಇದೆ. ಇದೂ ಅದೇನಾ?

ಬಹುಪಾಲು ಅದು ಜರ್ಮನಿಯ ನ್ಯೂರೆಂಬರ್ಗಿನದು. ಅಲ್ಲಿನ ಕುಶಲಕರ್ಮಿ ಮನೆಗಳು ಯುರೋಪಿಗೆಲ್ಲ ಅಗ್ಗದ ಲೆಕ್ಕದ ಬಿಲ್ಲೆ ಮಾಡಿ ಕಳಿಸುತ್ತಿದ್ದವು. ಕ್ರೌವಿಂಕೆಲ್, ಲೌವರ್ ಎಂಬ ಹೆಸರು ಇದ್ದರೆ ಅಲ್ಲಿಯದೇ. ಫ್ರೆಂಚ್ ಚಿತ್ರಗಳನ್ನೂ ನಕಲು ಹೊಡೆದಿದ್ದಾರೆ. ಕೂಡಿಡಬಹುದು, ಆದರೆ ಅದು ಬೇರೆಯೇ ಸಾಲು.

ಯಾವ ಲೋಹ, ಎಷ್ಟು ದೊಡ್ಡದು?

ಬೆಳ್ಳಿ, ತಾಮ್ರ, ಹಿತ್ತಾಳೆ. ಚಿನ್ನದ್ದು ಬಹಳ ಅಪರೂಪ. ಅಡ್ಡಳತೆ ಸಾಮಾನ್ಯವಾಗಿ 27ರಿಂದ 30 ಮಿಲಿಮೀಟರ್, ನಮ್ಮ ಹತ್ತು ರೂಪಾಯಿ ನಾಣ್ಯದಷ್ಟೋ ಒಂಚೂರು ದೊಡ್ಡದೋ. ಬೆಳ್ಳಿಯದು ಹೆಚ್ಚಾಗಿ 6ರಿಂದ 9 ಗ್ರಾಂ ತೂಗುತ್ತದೆ. 18ನೇ ಶತಮಾನದಲ್ಲಿ ಎಂಟು ಮೂಲೆಯ ಜೆಟನ್‌ಗಳೂ ಬಂದವು.

ಒಂದೇ ಅಚ್ಚಿನಿಂದ ಮೇಲಿನವರಿಗೆ ಬೆಳ್ಳಿಯವು, ಕೆಳಗಿನ ನೌಕರರಿಗೆ ತಾಮ್ರದವು ಒತ್ತಿಸುತ್ತಿದ್ದರು. ಹಿತ್ತಾಳೆಯದು ಚಿನ್ನದಂತೆ ಹೊಳೆದರೂ ಚಿನ್ನ ಅಲ್ಲವಲ್ಲ. ಹಾಗಾಗಿಯೇ ಫ್ರೆಂಚರು ಇವತ್ತಿಗೂ ಒಳಗೊಂದು ಹೊರಗೊಂದು ಇರುವವನನ್ನು ‘ಸುಳ್ಳು ಜೆಟನ್’ ಅಂತ ಬೈಯುತ್ತಾರೆ.

ತೊಳೆಯಬಹುದಾ?

ಬೇಡ. ದಯವಿಟ್ಟು ಬೇಡ.

ನಮ್ಮ ಮನೆಗಳಲ್ಲಿ ತಾಮ್ರ ಕಂಡರೆ ಹುಣಸೆಹಣ್ಣು ಹುಡುಕುವುದು ಅಭ್ಯಾಸ. ಪೂಜೆ ಪಾತ್ರೆಗೆ ಅದು ಸರಿ. ನಮ್ಮ ಚಿಕ್ಕಮ್ಮ ಪ್ರೀತಿಯಿಂದಲೇ ನನ್ನ ಒಂದು ತಾಮ್ರದ ಜೆಟನ್ನನ್ನು ದೇವರ ಸಾಮಾನಿನ ಜೊತೆ ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿ ಬೆಳಗಿಸಿಟ್ಟಿದ್ದರು. ಮುನ್ನೂರು ವರ್ಷದಲ್ಲಿ ಕೂತಿದ್ದ ಚಾಕಲೇಟ್ ಬಣ್ಣದ ಪದರ ಹೋಗಿ ಬಿಲ್ಲೆ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಗುರಾಣಿಯೊಳಗಿನ ನೀಲಿಯ ಅಡ್ಡ ಗೆರೆಗಳು ಅರ್ಧಕ್ಕರ್ಧ ಮಾಯ. ಗೆರೆ ಹೋದರೆ ಬಣ್ಣ ಹೋಯಿತು, ಬಣ್ಣ ಹೋದರೆ ಮನೆತನವೇ ಹೋಯಿತು. ಅವರಿಗೆ ನಾನೇ ಮೊದಲು ಹೇಳಬೇಕಿತ್ತು.

ಬೆಳ್ಳಿಯ ಮೇಲಿನ ಕಪ್ಪನ್ನೂ ಹಾಗೇ ಬಿಡಿ. ಹಸಿರು ಕಿಲುಬು ಪುಡಿಪುಡಿಯಾಗಿ ಹರಡುತ್ತಿದ್ದರೆ ಮಾತ್ರ ತಿಳಿದವರ ಹತ್ತಿರ ತೋರಿಸಿ. ಅಂಚು ಹಿಡಿದು ಎತ್ತಿ. ಪಿವಿಸಿ ಇರುವ ಮೆತ್ತನೆಯ ಪ್ಲಾಸ್ಟಿಕ್ ಹಾಳೆಯಲ್ಲಿ ಇಡಬೇಡಿ, ಅದು ಲೋಹವನ್ನು ತಿನ್ನುತ್ತದೆ. ಮಳೆಗಾಲದಲ್ಲಿ, ಅದರಲ್ಲೂ ಮಲೆನಾಡು, ಕರಾವಳಿಯವರು, ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ.

ಬೆಲೆ ಹೇಗೆ?

ಸಾಮಾನ್ಯ ತಾಮ್ರದ್ದು ಕೆಲವು ಹತ್ತು ಯೂರೋಗೆ ಸಿಗುತ್ತದೆ. ಒಳ್ಳೆಯ ಸ್ಥಿತಿಯ ಬೆಳ್ಳಿ ಲಾಂಛನದ ಜೆಟನ್‌ಗೆ ನೂರರ ಆಸುಪಾಸಿನಿಂದ ಕೆಲವು ನೂರು ಯೂರೋ. ಪ್ರಸಿದ್ಧ ಹೆಸರು, ಚೆನ್ನಾಗಿ ಉಳಿದ ಗೆರೆ, ಅಪರೂಪದ ಊರು, ಇವು ಬೆಲೆ ಏರಿಸುತ್ತವೆ. ಬೆಳ್ಳಿಯ ತೂಕ ಏರಿಸುವುದಿಲ್ಲ. ಹರಾಜಿನಲ್ಲಿ ಕೊಂಡರೆ ಕೂಗಿದ ಬೆಲೆಯ ಮೇಲೆ ಹರಾಜಿನವರ ಕಮಿಷನ್, ಅಂಚೆ, ಕಸ್ಟಮ್ಸ್ ಬರುತ್ತದೆ. ಮೊದಲೇ ಕೂಡಿಸಿ ನೋಡಿ.

ಭಾರತಕ್ಕೆ ತರಿಸಿಕೊಂಡರೆ ಕಾನೂನಿನ ತೊಡಕು ಇದೆಯಾ?

ತರಿಸಿಕೊಳ್ಳುವಾಗ ಬಿಲ್ಲು, ವಸ್ತುವಿನ ವಿವರ, ನಿಜವಾದ ಬೆಲೆ ಸರಿಯಾಗಿರಲಿ. ಕಸ್ಟಮ್ಸ್ ಕಾಗದ ಎಸೆಯಬೇಡಿ. ಯಾಕೆಂದರೆ ನಮ್ಮ 1972ರ ಪುರಾತನ ವಸ್ತುಗಳ ಕಾಯ್ದೆಯಲ್ಲಿ ನೂರು ವರ್ಷ ದಾಟಿದ, ಇತಿಹಾಸದ ಮಹತ್ವ ಇರುವ ನಾಣ್ಯ ಮತ್ತಿತರ ವಸ್ತುಗಳನ್ನು ದೇಶದ ಹೊರಗೆ ಕಳಿಸಲು ಬಿಗಿ ನಿರ್ಬಂಧ ಇದೆ. ನಾಳೆ ನೀವು ಇದನ್ನು ಹೊರದೇಶದ ಹರಾಜಿಗೆ ಕಳಿಸಬೇಕು ಅಂದುಕೊಂಡರೆ ಮೊದಲು ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯನ್ನು ಕೇಳಬೇಕು.

ಫ್ರಾನ್ಸಿಗೆ ಹೋದಾಗ ಮೆಟಲ್ ಡಿಟೆಕ್ಟರ್ ಹಿಡಿದು ಹುಡುಕಬಹುದಾ ಅಂತಲೂ ಕೆಲವರು ಕೇಳುತ್ತಾರೆ. ಹಳೇ ವಸ್ತು ಹುಡುಕಲು ಅದನ್ನು ಬಳಸಬೇಕಾದರೆ ಅಲ್ಲಿ ಸರ್ಕಾರದ ಅನುಮತಿ ಬೇಕು. ಸುಮ್ನೆ ಆ ತಂಟೆಗೆ ಹೋಗಬೇಡಿ.

ಭಾರತಕ್ಕೆ ಸಂಬಂಧಪಟ್ಟ ಫ್ರೆಂಚ್ ಜೆಟನ್ ಇದೆಯಾ?

ಇದೆ. ಪುದುಚೇರಿ, ಮಾಹೆಗಳನ್ನು ನಡೆಸುತ್ತಿದ್ದ ಫ್ರೆಂಚ್ ಈಸ್ಟ್ ಇಂಡಿಯಾ ಕಂಪನಿ ತನ್ನದೇ ಜೆಟನ್ ಮಾಡಿಸಿತ್ತು. ‘ನನ್ನನ್ನು ಎಲ್ಲಿಗೆ ಒಯ್ದರೂ ಅಲ್ಲಿ ಅರಳುತ್ತೇನೆ’ ಎಂಬುದು ಕಂಪನಿಯ ಲ್ಯಾಟಿನ್ ಧ್ಯೇಯವಾಕ್ಯ. ಇವು ಮನೆತನದ ಲಾಂಛನದವಲ್ಲ, ಕಂಪನಿಯವು. ಆದರೂ ನಮ್ಮ ಕಡೆಯ ಸಂಗ್ರಹದಲ್ಲಿ ಒಂದಾದರೂ ಇದ್ದರೆ ಚೆನ್ನ.

ಈ ಲಾಂಛನದ ಬಿಲ್ಲೆಗಳು ಯಾವಾಗ ನಿಂತವು?

ಪ್ಯಾರಿಸ್ಸಿನ ಸಾಲಿನಲ್ಲೇ ಅದು ಕಣ್ಣಿಗೆ ಕಟ್ಟುತ್ತದೆ. ಕೋಮಾರ್ತ್ಯಾಂ 1778ರಿಂದ 1784ರವರೆಗೆ ಪ್ರೆವೋ. ಅವನ ಗುರಾಣಿಯಲ್ಲಿ ನೀಲಿ ನೆಲದ ಮೇಲೆ ಐದು ಬೆಳ್ಳಿ ಅಡ್ಡಪಟ್ಟಿ. ಅವನ ನಂತರ ಲ ಪೆಲ್ತ್ಯೆ, 1789ರವರೆಗೆ. ಅವನ ನಂತರ ಜಾಕ್ ದ ಫ್ಲೆಸ್ಸೆಲ್. ಈತ ಹುದ್ದೆಗೆ ಬಂದು ಕೆಲವೇ ತಿಂಗಳು. ಫ್ರೆಂಚ್ ಕ್ರಾಂತಿಯಲ್ಲಿ ಬಾಸ್ತೀಲ್ ಸೆರೆಮನೆ ಜನರ ಕೈಗೆ ಬಿದ್ದ ದಿನ, 1789ರ ಜುಲೈ 14ರಂದು, ನಗರಸಭೆಯಿಂದ ಹೊರಗೆ ಬರುತ್ತಿದ್ದಾಗ ಗುಂಡೇಟಿಗೆ ಸತ್ತ. ಅಲ್ಲಿಗೆ ಪ್ರೆವೋ ಹುದ್ದೆಯೂ ಮುಗಿಯಿತು.

1790ರ ಜೂನ್ 19ರಂದು ರಾಷ್ಟ್ರಸಭೆ ವಂಶದಿಂದ ಬರುವ ಕುಲೀನ ಪಟ್ಟ, ಬಿರುದು, ಲಾಂಛನ ಎಲ್ಲವನ್ನೂ ರದ್ದು ಮಾಡಿತು. ಬಾಗಿಲ ಮೇಲಿನ ಗುರಾಣಿಗಳನ್ನು ಉಳಿಯಿಂದ ಕೆತ್ತಿ ತೆಗೆದರು. ಬೆಳ್ಳಿ ಬಿಲ್ಲೆಗಳು ಎಷ್ಟೋ ಕರಗಿ ಹೋದವು. 1808ರಲ್ಲಿ ನೆಪೋಲಿಯನ್ ಹೊಸ ಬಿರುದು, ಹೊಸ ನಿಯಮದ ಲಾಂಛನ ತಂದ. ಆ ಕಾಲದ ಬಿಲ್ಲೆಗಳಲ್ಲಿ ಕಿರೀಟದ ಬದಲು ಗರಿ ಸಿಕ್ಕಿಸಿದ ಟೋಪಿ ಇರುತ್ತದೆ. ಎಷ್ಟು ಗರಿ ಎಂದು ಎಣಿಸಿದರೆ ಪದವಿ ಗೊತ್ತಾಗುತ್ತದೆ.